ಎಡಗಡೆ ಸೀಟಿನವರು

ನಾನು ಹುಟ್ಟಿದ್ದು ಗುಬ್ಬಿಯಲ್ಲಿ, ಕೊಬ್ಬರಿ ವ್ಯಾಪಾರದವರ ಮನೆಯಲ್ಲಿ. ನಮ್ಮಪ್ಪ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಒಂದು ಕಾಯನ್ನೂ ಕೊಂಡವರಲ್ಲ. ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದ್ದರೆ ಗುಡುಗುಡು ಸದ್ದು ಬರುತ್ತದೆ. ಸದ್ದು ಬರದಿದ್ದರೆ ಇನ್ನೂ ಹಸಿ ಇದೆ, ಇಲ್ಲವೇ ಕೊಳೆತಿದೆ. ಮಾರಲು ತಂದವನು ಮನೆದೇವರ ಮೇಲೆ ಆಣೆ ಇಟ್ಟರೂ ಅಪ್ಪ ಅವನ ಮಾತಿಗೆ ತಲೆ ಆಡಿಸುತ್ತಾ ಕಾಯಿಯ ಸದ್ದು ಕೇಳುತ್ತಿದ್ದರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯ ಮೇಲೆಯೇ ನಮ್ಮ ಅಂಗಡಿ ನಡೆಯುತ್ತಿತ್ತು. ಹಾಗಾಗಿ ನನ್ನನ್ನು ಅನುಮಾನದ ಹೆಂಗಸು ಎಂದು ಯಾರಾದರೂ ಆಡಿಕೊಂಡರೆ ನನಗೆ ಬೇಜಾರಿಲ್ಲ. ಗ್ಯಾಸ್ ಸಿಲಿಂಡರ್ ತಂದವನು ಅದನ್ನು ತೂಗಿ ತೋರಿಸುವವರೆಗೆ ಅದು ನಮ್ಮ ಹೊಸ್ತಿಲು ದಾಟುವುದಿಲ್ಲ.

ಮದುವೆಯಾಗಿ ತುಮಕೂರಿಗೆ ಬಂದೆ. ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಸ್ಕೂಲಿಗೆ ಹೋಗಿ ಬರಲು ನನಗೊಂದು ಸ್ಕೂಟಿ ಇದೆ. ನಮ್ಮ ಯಜಮಾನರು ಸರ್ಕಾರಿ ಕಚೇರಿಯಲ್ಲಿದ್ದಾರೆ. ಅವರಿಗೆ ಕುಣಿಗಲ್‌ಗೆ ವರ್ಗವಾದದ್ದು ಪೆಟ್ರೋಲ್ ನೂರು ರೂಪಾಯಿ ದಾಟಿ, ಇನ್ನು ಇಳಿಯುತ್ತದೆ ಎನ್ನುವ ಆಸೆಯನ್ನು ಜನ ಬಿಟ್ಟ ಮೇಲೆ. ದಿನಾ ಹೋಗಬೇಕು, ದಿನಾ ಬರಬೇಕು. ನಾನು ಮೊದಲ ದಿನವೇ ಹೇಳಿದೆ, ಬಸ್ಸಿನಲ್ಲಿ ಹೋಗಿ ಎಂದು.

"ಬಸ್ಸಲ್ಲಿ ಹೋದ್ರೆ ಟೈಮಿಗೆ ತಲುಪಲ್ಲ ಕಣೇ," ಎಂದರು.

"ಊರಿಗೆಲ್ಲ ತಲುಪುತ್ತೆ, ನಿಮಗೊಬ್ಬರಿಗೆ ತಲುಪಲ್ವಾ?"

"ಕಾರಿದೆಯಲ್ಲ, ಸುಮ್ನೆ ನಿಲ್ಲಿಸಿ ಪೂಜೆ ಮಾಡೋಕಾ?"

ಸರಿ, ಕಾರಿನಲ್ಲೇ ಹೋಗಲಿ, ಆದರೆ ಪೆಟ್ರೋಲು ನನ್ನ ಕೈಯಲ್ಲಿರಲಿ ಎಂದು ತೀರ್ಮಾನಿಸಿದೆ. ಡಿಕ್ಕಿಯಲ್ಲಿ ತಿಂಗಳಾನುಗಟ್ಟಲೆ ಓಡಾಡುತ್ತಿದ್ದ ತೆಂಗಿನಕಾಯಿ ಮೂಟೆಯನ್ನು ಇಳಿಸಿದೆ. ನಮ್ಮ ಕಡೆ ಬರಿ ಡಿಕ್ಕಿಯಲ್ಲಿ ನೆಂಟರ ಮನೆಯಿಂದ ಬರುವ ಪದ್ಧತಿಯೇ ಇಲ್ಲ. ಯಾರ ಮನೆಗೆ ಹೋದರೂ ನಾಲ್ಕು ಕಾಯಿ, ಒಂದಿಷ್ಟು ರಾಗಿ ಹಾಕಿಯೇ ಕಳಿಸುತ್ತಾರೆ. ಆ ಭಾರ ಹೊತ್ತುಕೊಂಡು ಕಾರು ಕುಣಿಗಲ್ಲಿಗೆ ಹೋಗಿ ಬರುವುದು ಯಾಕೆ? ವಾರಕ್ಕೊಮ್ಮೆ ಟೈರಿಗೆ ಗಾಳಿ ಹಿಡಿಸಿದೆ. ಬೆಳಗಿನ ತಂಪಿನಲ್ಲಿ ಎಸಿ ಹಾಕಬಾರದು ಎಂದು ಕಟ್ಟಪ್ಪಣೆ ಮಾಡಿದೆ. ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಮಾಡುವುದನ್ನು ಅವರೇ ರೂಢಿ ಮಾಡಿಕೊಂಡಿದ್ದರು. ಬಂಕಿನಲ್ಲಿ ಯಾವತ್ತೂ ಐನೂರು, ಸಾವಿರ ಎಂದು ಕೇಳಬಾರದು, ಬೆಸ ಮೊತ್ತ ಹೇಳಬೇಕು, ಮೀಟರಿನಲ್ಲಿ ಸೊನ್ನೆ ನೋಡಬೇಕು. ಇದು ತುಮಕೂರಿನ ಅರ್ಧ ಜನಕ್ಕೆ ಗೊತ್ತಿರುವ ವಿದ್ಯೆ. ಸಾವಿರಕ್ಕೆ ಕಡಿಮೆ ಪೆಟ್ರೋಲ್ ಬೀಳುವಂತೆ ಮೊದಲೇ ಒಂದು ಬಟನ್ ಒತ್ತಿಟ್ಟಿರುತ್ತಾರಂತೆ. ನಿಜವೋ ಸುಳ್ಳೋ, ಬೆಸ ಮೊತ್ತ ಹೇಳಿದಾಗ ಹಾಕುವವನ ಮುಖ ಗಂಟಾಗುವುದನ್ನು ನೋಡಿದರೆ ಏನೋ ಇರಬೇಕು ಅನ್ನಿಸುತ್ತದೆ.

ಕಾರು ಹಳೆಯದಾದರೂ ಲೀಟರಿಗೆ ಹದಿನೆಂಟು ಕಿಲೋಮೀಟರು ಕೊಡುತ್ತಿತ್ತು. ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿದಾಗ ಎಷ್ಟು ಹಿಡಿಯಿತು ಎಂದು ನಾನೇ ನಿಂತು ನೋಡಿ ಬಾಯಿಲೆಕ್ಕ ಹಾಕುತ್ತಿದ್ದೆ. ಅದು ಹದಿನಾರಕ್ಕೆ ಇಳಿಯಿತು. ಏನೋ ಮಳೆಗಾಲ ಎಂದುಕೊಂಡೆ. ಮಳೆ ನಿಂತಿತು, ಹದಿಮೂರಕ್ಕೆ ಇಳಿಯಿತು. ಅದೇ ಕಾರು, ಅದೇ ರಸ್ತೆ, ಅದೇ ಕುಣಿಗಲ್ಲು, ಕಿಲೋಮೀಟರೂ ಅಷ್ಟೇ. ಹಾಗಾದರೆ ಪೆಟ್ರೋಲ್ ಕುಡಿಯುತ್ತಿರುವವರು ಯಾರು?

ಮೊದಲು ಬಂಕಿನವರ ಮೇಲೆ ಅನುಮಾನ ಬಂತು. ಬಂಕು ಬದಲಾಯಿಸಿದೆ. ಅಲ್ಲೂ ಹದಿಮೂರು. ಸ್ಟಾಫ್ ರೂಮಿನಲ್ಲಿ ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ, ಅದಕ್ಕೇ ಮೈಲೇಜು ಬರುವುದಿಲ್ಲ ಎಂದರು. ಇರಬಹುದು. ಆದರೆ ಆ ಮಾತು ಹೇಳಿದ ವಿಜ್ಞಾನದ ಮೇಷ್ಟ್ರ ಕಾರೂ ಅದೇ ಪೆಟ್ರೋಲ್ ಕುಡಿಯುವುದು, ಅದಕ್ಕೆ ಇಷ್ಟು ಇಳಿದಿರಲಿಲ್ಲ. ಮೆಕ್ಯಾನಿಕ್‌ನ ಹತ್ತಿರ ಬಿಟ್ಟೆವು. ಅವನು ಪ್ಲಗ್ಗು ಬದಲಾಯಿಸಿದ, ಫಿಲ್ಟರು ಬದಲಾಯಿಸಿದ, ಬಿಲ್ಲು ಕೊಟ್ಟ. ಮೈಲೇಜು ಅಲ್ಲಾಡಲಿಲ್ಲ. ಎರಡನೇ ಸಲ ಹೋಗಿ ಜೋರು ಮಾಡಿದಾಗ ಅವನು ಕೈ ಒರೆಸಿಕೊಳ್ಳುತ್ತಾ ಹೇಳಿದ:

"ಗಾಡಿ ಪಕ್ಕಾ ಇದೆ ಅಕ್ಕ. ಗಾಡೀನ ಯಾಕೆ ಬೈತೀರಾ, ಓಡಿಸೋರನ್ನ ಕೇಳಿ."

ಮಾಡಿದ ಕೆಲಸ ಉಪಯೋಗಕ್ಕೆ ಬರಲಿಲ್ಲ, ಅದಕ್ಕೇ ಜಾರಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಆದರೂ ತಲೆಯಲ್ಲಿ ಹುಳ ಬಿಟ್ಟಾಗಿತ್ತು. ಅಲ್ಲಿಯವರೆಗೆ ನಾನು ಊರಿನವರನ್ನೆಲ್ಲ ಅನುಮಾನಿಸಿದ್ದೆ, ಮನೆಯವರನ್ನು ಬಿಟ್ಟು.

ಅವತ್ತಿನಿಂದ ಯಜಮಾನರನ್ನು ಗಮನಿಸತೊಡಗಿದೆ. ಮೊದಲು ಬಂಕಿನಲ್ಲಿ ಕಾರಿನಿಂದ ಇಳಿದು ಮೀಟರಿನ ಮುಂದೆ ಕಾವಲು ನಿಲ್ಲುತ್ತಿದ್ದ ಮನುಷ್ಯ ಈಗ ಸೀಟು ಬಿಟ್ಟು ಏಳುತ್ತಿರಲಿಲ್ಲ. ಕಿಟಕಿಯಿಂದಲೇ ದುಡ್ಡು ಕೊಡುತ್ತಿದ್ದರು. ಊಟಕ್ಕೆ ಕೂತಾಗ ನೀರಿನ ಲೋಟಕ್ಕೆ ಕೈ ತಗುಲಿಸಿ ಉರುಳಿಸುತ್ತಿದ್ದರು. ಕೇಳಿದರೆ ಏನೋ ಯೋಚನೆ ಮಾಡುತ್ತಿದ್ದೆ ಎನ್ನುವರು. ಏನು ಯೋಚನೆ? ಹೇಳರು. ಭಾನುವಾರ ಗುಬ್ಬಿಗೆ ನನ್ನ ತಮ್ಮನ ಮನೆಗೆ ಹೋಗುವಾಗ ನಾನು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡುತ್ತಿದ್ದೆ. ಮೊದಲಾದರೆ ಆಗಾಗ ಈ ಕಡೆ ತಿರುಗಿ ನಕ್ಕು, ಒಂದು ಮಾತು ಕೊಂಕು ಆಡಿ, ಮತ್ತೆ ರಸ್ತೆ ನೋಡುತ್ತಿದ್ದರು. ಈಗ ಹೂಂ, ಉಹೂಂ ಅಷ್ಟೇ. ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟಿದ್ದರು. ಹೊಸ ಸೀರೆ ಉಟ್ಟು ಪಕ್ಕದಲ್ಲಿ ಕೂತಿದ್ದೆ ಒಂದು ದಿನ. ಗುಬ್ಬಿ ತಲುಪಿ ಇಳಿದ ಮೇಲೆ, "ಓ, ಹೊಸದಾ?" ಎಂದರು. ಅಷ್ಟು ದೂರ ಪಕ್ಕದಲ್ಲಿ ಕೂತವಳ ಸೀರೆ ಕಾಣದ ಗಂಡಸಿನ ಕಣ್ಣು ಬೇರೆಲ್ಲೋ ನೆಟ್ಟಿದೆ ಎಂದು ತಿಳಿಯುವುದಕ್ಕೆ ಹೆಂಡತಿಯಾದವಳಿಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಆ ಸೀಟು. ನಾನು ಸ್ವಲ್ಪ ಉದ್ದ. ಎಡಗಡೆ ಮುಂದಿನ ಸೀಟನ್ನು ಹಿಂದಕ್ಕೆ ತಳ್ಳಿಯೇ ಕೂರುವುದು. ಒಂದು ಭಾನುವಾರ ಕೂರಲು ಹೋದರೆ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯಿತು. ಸೀಟು ಪೂರ್ತಿ ಮುಂದೆ ಬಂದಿತ್ತು. ಯಾರೋ ಕುಳ್ಳಗಿನವರು ಕೂತಿದ್ದಾರೆ. ನಾನು ಏನೂ ಹೇಳದೆ ಹಿಂದಕ್ಕೆ ತಳ್ಳಿಕೊಂಡೆ. ಮುಂದಿನ ವಾರ ಮತ್ತೆ ಮುಂದೆ. ಅದರ ಮುಂದಿನ ವಾರ ಒರಗುವ ಕಡೆ ಇಷ್ಟು ಕೆಳಗೆ ಬಾಗಿತ್ತು, ಯಾರೋ ಆರಾಮವಾಗಿ ಮಲಗಿದಂತೆ.

"ಇಲ್ಲಿ ಯಾರು ಕೂರ್ತಾರೆ?" ಎಂದೆ.

"ಎಲ್ಲಿ?"

"ನನ್ನ ಸೀಟಲ್ಲಿ."

"ಓ ಅದಾ. ಕುಣಿಗಲ್ ಕಡೆ ಕೆಲಸಕ್ಕೆ ಹೋಗೋರು. ಪೆಟ್ರೋಲ್ ರೇಟು ನೋಡು ಹೆಂಗಿದೆ, ಒಬ್ನೇ ಹೋಗೋ ಬದ್ಲು ಇನ್ನೊಬ್ರು ಬರ್ತಾರೆ. ಈಗೆಲ್ಲ ಕಾರ್ ಪೂಲಿಂಗ್ ಅಲ್ವಾ."

"ಒಳ್ಳೇದೇ. ಹಾಗಾದ್ರೆ ಪೆಟ್ರೋಲಿಗೆ ಅವ್ರು ಕೊಡೋ ಷೇರು ಎಲ್ಲಿ?"

ಅವರು ಕನ್ನಡಿ ಸರಿಮಾಡಿಕೊಂಡರು. ಆಮೇಲೆ, "ಅವರತ್ರ ಏನ್ ಇಸ್ಕೊಳ್ಳೋದು, ಬುಡು," ಎಂದರು.

ನಮ್ಮ ಯಜಮಾನರು ಊರ್ಡಿಗೆರೆ ಕಡೆಯವರು. ಕಚೇರಿ ಸೇರಿ ಇಷ್ಟು ವರ್ಷದಲ್ಲಿ ನಾಲಿಗೆ ಪೇಟೆಯದಾಗಿದೆ. ಆದರೆ ಎಲ್ಲಾದರೂ ಸಿಕ್ಕಿಬಿದ್ದಾಗ ಊರಿನ ಮಾತು ತಾನಾಗಿ ಹೊರಗೆ ಬರುತ್ತದೆ. ಆ "ಬುಡು" ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಈ ಮನುಷ್ಯ ಸ್ವಂತ ಅಣ್ಣನ ಜೊತೆ ಆಟೋದಲ್ಲಿ ಹೋದರೂ ಅರ್ಧ ಬಾಡಿಗೆ ಕೇಳಿ ಇಸಿದುಕೊಂಡವರು. ಈಗ ಯಾರ್ಯಾರನ್ನೋ ಪುಕ್ಕಟೆ ಕೂರಿಸಿಕೊಂಡು ಹೋಗುವ ಧರ್ಮಾತ್ಮ ಆಗಿಬಿಟ್ಟರೇ? ಪೆಟ್ರೋಲ್ ಉಳಿಸುವುದಕ್ಕೆ ಜನ ಕೂರಿಸಿಕೊಳ್ಳುವುದು, ಕೂತವರು ದುಡ್ಡು ಕೊಡದೇ ಇರುವುದು, ಮೈಲೇಜು ಇಳಿಯುವುದು. ಯಾವ ಗಣಿತದಲ್ಲೂ ಈ ಲೆಕ್ಕ ಸರಿಹೋಗುವುದಿಲ್ಲ.

ಬೆಂಕಿಗೆ ತುಪ್ಪ ಸುರಿದವಳು ಕುಣಿಗಲ್ಲಿಗೆ ಕೊಟ್ಟಿರುವ ನನ್ನ ಚಿಕ್ಕಪ್ಪನ ಮಗಳು. ಫೋನು ಮಾಡಿ ಮಾವಿನಕಾಯಿ, ಉಪ್ಪಿನಕಾಯಿ ಎಲ್ಲ ಮಾತಾಡಿದ ಮೇಲೆ ನಿಧಾನಕ್ಕೆ ಹೇಳಿದಳು:

"ಅಕ್ಕ, ತಪ್ಪು ತಿಳ್ಕೋಬೇಡ. ಬೆಳಿಗ್ಗೆ ಕೆರೆ ಏರಿ ಮೇಲೆ ಭಾವನ ಕಾರು ನೋಡ್ದೆ. ಪಕ್ಕದಲ್ಲಿ ಯಾರೋ ಹುಡುಗಿ ಕೂತಿದ್ಲು. ಅವಳು ಕೈ ತೋರಿಸಿ ತೋರಿಸಿ ಏನೋ ಹೇಳ್ತಿದ್ಲು, ಭಾವ ತಲೆ ಆಡಿಸ್ಕೊಂಡು ಕೇಳ್ತಿದ್ರು. ಗಾಡಿ ಎಷ್ಟು ನಿಧಾನಕ್ಕೆ ಹೋಗ್ತಿತ್ತು ಅಂದ್ರೆ, ಸೈಕಲ್ಲು ಮುಂದೆ ಹೋಯ್ತು."

ಕೆರೆ ಏರಿ ಮೇಲೆ, ಬೆಳಗಿನ ಗಾಳಿಯಲ್ಲಿ, ಸೈಕಲ್ಲಿಗಿಂತ ನಿಧಾನ. ನಾನು ಎಸಿ ಬೇಡ ಎಂದು ಉಳಿಸಿದ ಪೆಟ್ರೋಲು, ಡಿಕ್ಕಿಯಿಂದ ಮೂಟೆ ಇಳಿಸಿ ಉಳಿಸಿದ ಪೆಟ್ರೋಲು, ಯಾರಿಗೋ ಕೆರೆ ತೋರಿಸಲು ಖರ್ಚಾಗುತ್ತಿತ್ತು. ಪೆಟ್ರೋಲಿನ ಮಾತು ಮೇಲಿನ ಮಾತು. ಒಳಗೆ ನನಗಿದ್ದದ್ದು ಭಯ. ಮಕ್ಕಳಿಲ್ಲದ ಮನೆ ನಮ್ಮದು. ನನಗೆ ಅವರು, ಅವರಿಗೆ ನಾನು. ಅವರು ನನ್ನಿಂದ ಮುಖ ತಿರುಗಿಸಿದರೆ ಆ ಮನೆಯಲ್ಲಿ ಇನ್ನೊಂದು ಮುಖವಿಲ್ಲ.

ಜಗಳ ಆಡಬಹುದಿತ್ತು. ಆದರೆ ಬಾಯಿಮಾತು ಕೇಳಿ ತೀರ್ಪು ಕೊಡುವುದು ನಮ್ಮ ಮನೆತನದಲ್ಲಿಲ್ಲ. ಒಂದು ಸೋಮವಾರ ಸ್ಕೂಲಿಗೆ ರಜೆ ಹಾಕಿದೆ. ಯಡಿಯೂರಿಗೆ ಹೋಗಿ ದೇವರ ದರ್ಶನ ಮಾಡಬೇಕು, ಕುಣಿಗಲ್ಲಿನವರೆಗೆ ನಿಮ್ಮ ಜೊತೆ ಬಂದು ಅಲ್ಲಿಂದ ಬಸ್ಸು ಹಿಡಿಯುತ್ತೇನೆ ಎಂದೆ. ದೇವರ ಹೆಸರು ಹೇಳಿದರೆ ಬೇಡ ಎನ್ನುವ ಹಾಗಿಲ್ಲ. ಅವರ ಮುಖ ಮಾತ್ರ ಸಣ್ಣಗಾಯಿತು.

ಬೆಳಿಗ್ಗೆ ತಲೆಗೆ ಹೂ ಮುಡಿದು, ಹಣೆಗೆ ವಿಭೂತಿ ಹಚ್ಚಿ, ಹಣ್ಣುಕಾಯಿ ಚೀಲ ಹಿಡಿದು ಎಡಗಡೆ ಬಾಗಿಲು ತೆಗೆದೆ.

"ನೀನು ಹಿಂದೆ ಕೂತ್ಕೊಳ್ಳೇ," ಎಂದರು.

"ಏನಂದ್ರಿ?"

"ಹಿಂದೆ ಕೂತ್ಕೋ. ಮುಂದೆ ಒಬ್ರು ಬರ್ತಾರೆ."

ಕಟ್ಟಿಕೊಂಡ ಹೆಂಡತಿಗೆ, ಅವಳದೇ ಕಾರಿನಲ್ಲಿ, ಹಿಂದೆ ಕೂತ್ಕೋ! ಬೇರೆ ದಿನವಾಗಿದ್ದರೆ ಹಣ್ಣುಕಾಯಿ ಚೀಲ ಅವರ ತಲೆಯ ಮೇಲೆ ಇರುತ್ತಿತ್ತು. ಅವತ್ತು ಹಲ್ಲು ಕಚ್ಚಿಕೊಂಡು ಹಿಂದೆ ಕೂತೆ. ಸೀಟಿನ ಮಧ್ಯಕ್ಕೆ ಸರಿದೆ, ಇಬ್ಬರೂ ಚೆನ್ನಾಗಿ ಕಾಣಲಿ ಎಂದು.

ಕುಣಿಗಲ್ ರಸ್ತೆಯ ಒಂದು ತಿರುವಿನಲ್ಲಿ ಅವಳು ನಿಂತಿದ್ದಳು. ಮೂವತ್ತರ ಆಸುಪಾಸು, ಕುಳ್ಳಗೆ, ಕೈಯಲ್ಲಿ ಊಟದ ಡಬ್ಬಿಯ ಬ್ಯಾಗು. ನನ್ನನ್ನು ಕಂಡು ಗಾಬರಿಯಾಗಲಿಲ್ಲ. "ನಮಸ್ಕಾರ ಮೇಡಂ," ಎಂದು ನಕ್ಕು ಮುಂದೆ ಕೂತು, ಮನೆಯ ಮಗಳಂತೆ ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಕುಣಿಗಲ್ ಆಸ್ಪತ್ರೆಯಲ್ಲಿ ನರ್ಸು ಎಂದು ತಾನೇ ಹೇಳಿದಳು. ನಾನೂ ನಮಸ್ಕಾರ ಎಂದೆ. ನನ್ನ ನಮಸ್ಕಾರ ನನಗೇ ವಿಷದ ಹಾಗೆ ಕೇಳಿಸಿತು.

ಕಾರು ಹೊರಟಿತು. ಊರು ದಾಟಿದರೂ ಇಂಜಿನ್ನು ಗೊರ್ರೆನ್ನುತ್ತಲೇ ಇತ್ತು. ಮೂರನೇ ಗೇರು. ನಾಲ್ಕಕ್ಕೆ ಹಾಕುತ್ತಾರೆ, ಈಗ ಹಾಕುತ್ತಾರೆ ಎಂದು ಕಾದೆ. ಹಾಕಲಿಲ್ಲ. ಎಷ್ಟು ಚೆನ್ನಾದ ರಸ್ತೆ ಬಂದರೂ ಮೂರೇ. ಭಾನುವಾರಗಳಲ್ಲಿ ನನ್ನ ಮಾತಿನ ಭರದಲ್ಲಿ ಇದು ಕಿವಿಗೇ ಬಿದ್ದಿರಲಿಲ್ಲ. ನನಗೂ ಲೈಸೆನ್ಸಿದೆ, ಓಡಿಸಿದ್ದೇನೆ. ಪೆಟ್ರೋಲ್ ಏರಿದ ಮೇಲೆ ದಂಡ ಎಂದು ನಾನೇ ಕಾರು ಮುಟ್ಟುವುದನ್ನು ಬಿಟ್ಟಿದ್ದೆ. ಹೀಗೆ ಮೂರನೇ ಗೇರಿನಲ್ಲೇ ಎಳೆದರೆ ಯಾವ ಕಾರು ಹದಿನೆಂಟು ಕೊಡುತ್ತದೆ? ಪೆಟ್ರೋಲ್ ಹೋದ ದಾರಿ ಕಣ್ಣೆದುರಿಗೇ ಇತ್ತು. ದಾರಿ ಬೇಗ ಮುಗಿಯಬಾರದು ಎಂದು ಹೀಗೆ ಓಡಿಸುತ್ತಿದ್ದಾರೆ ಎಂದೇ ನಾನು ತಿಳಿದೆ.

ಅವಳು ಮಾತು ಶುರು ಮಾಡಿದಳು.

"ಸಾರ್, ಎಡಗಡೆ ಬೈಕು."

"ಹೂಂ."

"ಹಂಪ್ ಇದೆ ಸಾರ್, ನಿಧಾನ."

"ಹೂಂ."

"ಎಮ್ಮೆ ಸಾರ್, ಎಡಗಡೆ. ಒಂದ್ನಿಮಿಷ. ಹಾಂ, ಹೋಯ್ತು."

ನನ್ನ ಮೈ ಉರಿಯಿತು. ನನ್ನ ಗಂಡನಿಗೆ ರಸ್ತೆ ಹೇಳಿಕೊಡಲು ಇವಳ್ಯಾರು? ನಾನು ಇಷ್ಟು ವರ್ಷ ಪಕ್ಕದಲ್ಲಿ ಕೂತು ಬೈಕು, ನಾಯಿ, ಲಾರಿ ಎಂದು ಕೂಗಿದರೆ "ನನಗೆ ಕಾಣಲ್ವಾ, ಸುಮ್ನಿರೇ" ಎಂದು ಗದರುತ್ತಿದ್ದ ಮನುಷ್ಯ ಇವಳ ಮಾತಿಗೆ ಶಾಲೆ ಹುಡುಗನಂತೆ ಹೂಂಗುಟ್ಟುತ್ತಿದ್ದಾರೆ. ಚಿಕ್ಕಪ್ಪನ ಮಗಳು ಹೇಳಿದ್ದು ನಿಜ, ಕೈ ತೋರಿಸಿ ತೋರಿಸಿ ಮಾತು. ಆದರೆ ಆ ಮಾತಿನಲ್ಲಿ ಸರಸವೆನ್ನುವುದು ಒಂದು ಸಾಸಿವೆಯಷ್ಟೂ ಇರಲಿಲ್ಲ. ಬೈಕು, ಹಳ್ಳ, ಎಮ್ಮೆ, ಮಕ್ಕಳು. ಇದೇನು ಪ್ರೇಮವೋ, ಟ್ರಾಫಿಕ್ ಪೊಲೀಸೋ ಎಂದು ನನಗೇ ಗೊಂದಲವಾಯಿತು.

ಸ್ವಲ್ಪ ಹೊತ್ತು ಕಳೆದ ಮೇಲೆ ಇನ್ನೊಂದು ಗಮನಕ್ಕೆ ಬಂತು. ಬಲಗಡೆಯಿಂದ ಲಾರಿ ಮೈಮೇಲೆ ಬರುವಂತೆ ಬಂದರೂ ಅವಳು ತುಟಿ ಬಿಚ್ಚುತ್ತಿರಲಿಲ್ಲ. ಅವರು ತಾವೇ ಜಾಣತನದಿಂದ ತಪ್ಪಿಸುತ್ತಿದ್ದರು. ಅವಳು ಹೇಳುತ್ತಿದ್ದದ್ದೆಲ್ಲ ಎಡಗಡೆಯದು. ಇದು ಯಾಕೋ ನನ್ನ ಕೋಪದ ಲೆಕ್ಕಕ್ಕೆ ಹೊಂದಲಿಲ್ಲ.

ಹೆಬ್ಬೂರಿನಲ್ಲಿ ಅವಳು ಇಳಿದಳು. ಇವತ್ತು ಇಲ್ಲೇ ಲಸಿಕೆ ಕ್ಯಾಂಪು, ಕುಣಿಗಲ್ಲಿಗೆ ಬರುವುದಿಲ್ಲ ಎಂದಳು. ಬಾಗಿಲು ಹಿಡಿದುಕೊಂಡೇ ನನ್ನ ಕಡೆ ಬಗ್ಗಿ, "ಮೇಡಂ, ಇಲ್ಲಿಂದ ನೀವು ಮುಂದೆ ಬನ್ನಿ. ಸಾರ್‌ಗೆ ಹೇಳ್ತಾ ಇರಿ," ಎಂದಳು.

"ಏನು ಹೇಳ್ಬೇಕು?" ಎಂದೆ, ಖಾರವಾಗಿಯೇ.

ಅವಳು ಅವರ ಮುಖ ನೋಡಿದಳು. ಅವರು ಸ್ಟಿಯರಿಂಗ್ ನೋಡುತ್ತಿದ್ದರು. "ಏನಿಲ್ಲ, ಮಾತಾಡ್ತಾ ಹೋಗಿ ಅಂದೆ," ಎಂದು ಹೇಳಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ನಡೆದಳು.

ನಾನು ಮುಂದೆ ಬಂದು ಕೂತೆ. ಸೀಟು ಹಿಂದಕ್ಕೆ ತಳ್ಳಿದೆ. ಇಬ್ಬರಿಗೂ ಗೊತ್ತಿರುವುದು ನನಗೊಬ್ಬಳಿಗೆ ಗೊತ್ತಿಲ್ಲ ಎನ್ನುವುದು ಸ್ಪಷ್ಟವಾಗಿತ್ತು. ಕೇಳಿದರೆ ಹೇಳುವುದಿಲ್ಲ. ಹಾಗಾದರೆ ಅಲ್ಲಾಡಿಸಿಯೇ ನೋಡಬೇಕು. ನಾನು ಮಾಡಿದ್ದು ಇಷ್ಟೇ: ಬಾಯಿಗೆ ಬೀಗ ಹಾಕಿಕೊಂಡೆ. ಬೈಕು ಎನ್ನಲಿಲ್ಲ, ಹಂಪು ಎನ್ನಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ಹೊತ್ತು ನಾನು ಸುಮ್ಮನೆ ಕೂತದ್ದೇ ಇಲ್ಲ.

"ಯಾಕೆ ಮಾತಿಲ್ಲ?" ಎಂದರು ಸ್ವಲ್ಪ ದೂರ ಹೋದ ಮೇಲೆ.

ನಾನು ಉತ್ತರ ಕೊಡಲಿಲ್ಲ.

"ಕೋಪ ಏನೇ?"

ಆಗಲೂ ಕೊಡಲಿಲ್ಲ. ಅವರ ಕೈ ಸ್ಟಿಯರಿಂಗ್ ಮೇಲೆ ಬಿಗಿಯಾಯಿತು. ಹಣೆಯಲ್ಲಿ ಬೆವರು. ಕಾರು ಇನ್ನೂ ನಿಧಾನವಾಯಿತು. ತಪ್ಪು ಮಾಡಿದವರ ಬೆವರು ಇದು, ಇನ್ನೇನು ಬಾಯಿ ಬಿಡುತ್ತಾರೆ ಎಂದು ಕಾದೆ.

ಎರಡೂ ಕಡೆ ತೆಂಗಿನ ತೋಟ. ಎಡಗಡೆಯ ತೋಟದ ಮಣ್ಣಿನ ದಾರಿಯಿಂದ ಒಬ್ಬ ಮುದುಕ ಮೊಪೆಡ್ಡಿನಲ್ಲಿ ಎಳನೀರಿನ ಗೊನೆ ಕಟ್ಟಿಕೊಂಡು ರಸ್ತೆಗೆ ಬರುತ್ತಿದ್ದ. ದೂರದಿಂದಲೇ ಕಂಡಿತ್ತು. ಬೇಕಾದಷ್ಟು ಸಮಯವಿತ್ತು. ಬ್ರೇಕು ಹಾಕುತ್ತಾರೆ ಎಂದುಕೊಂಡೆ. ಮುದುಕನೂ ಹಾಗೇ ಅಂದುಕೊಂಡಿರಬೇಕು. ಕಾರು ಅವನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಹೋಗುತ್ತಿತ್ತು. ಇವರ ಮುಖ ನೋಡಿದೆ. ರಸ್ತೆಯನ್ನೇ ನೋಡುತ್ತಿದ್ದಾರೆ, ಗಮನವಿಟ್ಟು ನೋಡುತ್ತಿದ್ದಾರೆ, ಆದರೆ ಮುದುಕ ಆ ನೋಟದಲ್ಲಿ ಇಲ್ಲ.

"ರೀ!" ಎಂದು ಚೀರಿದೆ.

ಬ್ರೇಕು ಬಿತ್ತು. ನನ್ನ ಹಣ್ಣುಕಾಯಿ ಚೀಲ ಕಾಲಬುಡಕ್ಕೆ ಹಾರಿತು. ಮುದುಕ ಮೊಪೆಡ್ಡನ್ನು ಪಕ್ಕಕ್ಕೆ ಎಳೆದು, ಒಂದು ಕಾಲು ಊರಿ ನಿಂತುಬಿಟ್ಟ. ಗೊನೆ ಕಿತ್ತು ಎಳನೀರು ರಸ್ತೆಯ ತುಂಬ ಉರುಳಿದವು. ಕಾರಿಗೂ ಅವನ ಕಾಲಿಗೂ ನಡುವೆ ಒಂದು ಗೇಣು ಇದ್ದಿರಬಹುದು. ಪರೀಕ್ಷೆ ಮಾಡಲು ಹೋಗಿ ಒಬ್ಬರ ಜೀವ ತೆಗೆಯುತ್ತಿದ್ದೆ.

ಮುದುಕ ಬಂದು ಕಿಟಕಿ ಬಡಿದ. "ಏನ್ ಸ್ವಾಮಿ, ಹಾರನ್ನೂ ಇಲ್ಲ, ಬಿರೇಕೂ ಇಲ್ಲ! ಕಣ್ ಕಾಣಕಿಲ್ವಾ ನಿಮ್ಗೆ?"

ಯಜಮಾನರು ಕಿಟಕಿ ಇಳಿಸಿದರು. ಜಗಳಕ್ಕೆ ನಿಲ್ಲುತ್ತಾರೆ ಎಂದುಕೊಂಡೆ. ಅವರು ಮೆಲ್ಲಗೆ ಹೇಳಿದರು:

"ಇಲ್ಲ ಕಣಪ್ಪಾ. ಕಾಣಲ್ಲ."

ಮುದುಕ ಕಿಟಕಿಗೆ ಬಗ್ಗಿದ. ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ, "ಹೋಗ್ಲಿ ಬುಡಿ, ಏನೂ ಆಗ್ಲಿಲ್ವಲ್ಲ," ಎಂದು ತಾನೇ ಸಮಾಧಾನ ಹೇಳಿದ. ನಾನು ಇಳಿದು ಅವನ ಜೊತೆ ಎಳನೀರು ಆರಿಸಿದೆ. ಅವನು ಗೊನೆ ಕಟ್ಟಿಕೊಂಡು ಹೋದ ಮೇಲೆ ವಾಪಸು ಬಂದು ಕೂತೆ. ಇವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದ್ದರು.

"ಎಡಗಣ್ಣು ಹೋಗಿದೆ ಕಣೇ," ಎಂದರು.

ಮೊದಲು ಪಕ್ಕದಲ್ಲಿ ಮಂಜು ಕಟ್ಟಿದಂತೆ ಆಗುತ್ತಿತ್ತಂತೆ. ನೋವಿಲ್ಲ, ಕೆಂಪಿಲ್ಲ. ಆಮೇಲೆ ಆ ಕಡೆ ಏನೂ ಇಲ್ಲ. ಕುಣಿಗಲ್ಲಿನ ಕನ್ನಡಕದ ಅಂಗಡಿಯಲ್ಲಿ ತೋರಿಸಿದರೆ, ಇದು ಕನ್ನಡಕದ ಕೆಲಸವಲ್ಲ, ಒಳಗಿನ ನರದ್ದು, ಬಲಗಣ್ಣಿಗೂ ಶುರುವಾದಂತಿದೆ, ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರಂತೆ. ಅದು ಹೋದ ಬೇಸಿಗೆಯ ಮಾತು.

"ಹೋಗ್ಲಿಲ್ವಾ?"

"ಇಲ್ಲ."

"ಯಾಕೆ ಹೋಗ್ಲಿಲ್ಲ?"

"ಅವ್ರೂ ಅದನ್ನೇ ಹೇಳಿಬಿಟ್ರೆ?"

ನನಗೆ ಸಿಟ್ಟು ಬಂತು. ಅಂಥ ಸಿಟ್ಟು ನನಗೆ ಯಾವ ಬಂಕಿನವನ ಮೇಲೂ ಬಂದಿರಲಿಲ್ಲ. "ಬಸ್ಸಲ್ಲಾದ್ರೂ ಹೋಗ್ಬಹುದಿತ್ತಲ್ರೀ, ಬಡ್ಕೊಂಡೆ!"

"ಬಸ್ ಸ್ಟ್ಯಾಂಡಲ್ಲಿ ಜನಕ್ಕೆ ಢಿಕ್ಕಿ ಹೊಡೀತೀನಿ ಕಣೇ. ಒಂದಿನ ಒಬ್ಬಳು ಹೆಂಗಸು ಕೆನ್ನೆಗೆ ಹೊಡೆಯೋಕೆ ಬಂದ್ಲು, ಬೇಕಂತ ಮೈ ತಾಗಿಸ್ದೆ ಅಂತ. ಕಾರಲ್ಲಿ ಕೂತ್ರೆ ಯಾರಿಗೂ ಗೊತ್ತಾಗಲ್ಲ. ಪಕ್ಕದಲ್ಲಿ ಒಬ್ರು ಇದ್ರೆ ಆಯ್ತು. ಆ ಹುಡುಗಿ ನರ್ಸಲ್ವಾ, ಮೂರನೇ ದಿನಕ್ಕೇ ಕಂಡುಹಿಡಿದ್ಲು. ಆಸ್ಪತ್ರೆಗೆ ಹೋಗಿ ಸಾರ್ ಅಂತ ದಿನಾ ಬೈತಾಳೆ. ಅವಳು ಬರದಿದ್ದ ದಿನ ಬೇರೆ ಯಾರನ್ನಾದ್ರೂ ಹತ್ತಿಸ್ಕೋತೀನಿ."

"ಅದಕ್ಕೇ ದುಡ್ಡು ಇಸ್ಕೋತಿರ್ಲಿಲ್ವಾ?"

"ಕಣ್ಣು ಕೊಡೋರ ಹತ್ರ ಪೆಟ್ರೋಲ್ ದುಡ್ಡು ಕೇಳೋಕಾಗುತ್ತಾ? ರೇಟು ಜಾಸ್ತಿ ಆಗಿದ್ದು ಒಳ್ಳೇದೇ ಆಯ್ತು. ಜನಾನ ಹತ್ತಿಸ್ಕೊಳ್ಳೋಕೆ ಒಂದು ನೆಪ ಸಿಕ್ತು."

"ಭಾನುವಾರ ಗುಬ್ಬಿಗೆ ಹೋಗ್ವಾಗ?"

"ಭಾನುವಾರ ನೀನೇ ದಾರಿ ತುಂಬ ಕೂಗ್ತಿರ್ತೀಯಲ್ಲ," ಎಂದು ನಗಲು ನೋಡಿದರು. ನಗು ಬರಲಿಲ್ಲ.

ನಾನು ಕೈ ಚಾಚಿದೆ. "ಕೀ ಕೊಡಿ."

"ಇವತ್ತೊಂದು ದಿನ ಕುಣಿಗಲ್ ತಲುಪಿಬಿಡೋಣ. ನೀನು ಎಡಗಡೆ ಹೇಳ್ತಾ ಬಾ. ಆಫೀಸಲ್ಲಿ ರಜ ಹೇಳಿಲ್ಲ."

"ಕುಣಿಗಲ್ಲೂ ಬೇಡ, ಯಡಿಯೂರೂ ಬೇಡ. ಗಾಡಿ ಈಗ ತುಮಕೂರಿಗೆ ಹೋಗುತ್ತೆ, ಕಣ್ಣಿನ ಆಸ್ಪತ್ರೆಗೆ. ಒಂದು ಕಣ್ಣು ನನಗೆ ಹೇಳದೆ ಕಳ್ಕೊಂಡಿದ್ದೀರಿ. ಇನ್ನೊಂದನ್ನ ನಾನು ಬಿಡಲ್ಲ. ಕೊಡಿ ಕೀನ."

ಅವರು ಸ್ಟಿಯರಿಂಗ್ ಬಿಡಲಿಲ್ಲ. ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಕೀ ಕಿತ್ತು ನನ್ನ ಕೈಯಲ್ಲಿಟ್ಟು ಇಳಿದರು. ನಾನೂ ಇಳಿದು ಆ ಕಡೆ ಹೋದೆ. ಅವರು ಬಾನೆಟ್ಟಿನ ಮೇಲೆ ಕೈ ಸವರಿಕೊಂಡು ಈ ಕಡೆ ಬಂದು, ಬಾಗಿಲ ಹಿಡಿಯನ್ನು ಹುಡುಕಿದರು. ಕಣ್ಣು ಕಾಣದೆಯೋ, ಆ ಬಾಗಿಲನ್ನು ತೆಗೆದು ರೂಢಿಯೇ ಇಲ್ಲದೆಯೋ ತಿಳಿಯಲಿಲ್ಲ. ಹೋಗಿ ಹಿಡಿಯೋಣ ಅನ್ನಿಸಿತು. ಬೇಡ ಎಂದು ಸುಮ್ಮನೆ ಕೂತೆ. ಸಿಕ್ಕಿತು, ಕೂತರು. ಬೆಲ್ಟು ಹಾಕಿಕೊಳ್ಳಲು ಈ ಕಡೆ ತಿರುಗಿದವರು ಹಾಗೆಯೇ ನನ್ನನ್ನು ನೋಡುತ್ತಾ ಉಳಿದರು.

"ಏನ್ರೀ?" ಎಂದೆ. ಗಾಬರಿಯಾಯಿತು.

"ಏನಿಲ್ಲ," ಎಂದರು. "ಆ ಕಡೆ ಕೂತ್ರೆ ನೀನಿರೋ ಜಾಗದಲ್ಲಿ ಬರೀ ಕತ್ತಲೆ, ಮಾತು ಮಾತ್ರ ಬರ್ತಿತ್ತು. ಈ ಕಡೆ ಕೂತ್ರೆ ನೀನು ಕಾಣ್ತೀಯ ಕಣೇ."